ಕೂತವನ ತೂಕ

ಇವತ್ತೇ ಬರಬೇಕಿತ್ತೇ ಈಕೆ? ಇಲ್ಲ ಅಂದು ಕಳಿಸಿಬಿಟ್ಟರೆ ಮುಗಿಯಿತು. ಹೆಣ ಇರುವ ಮನೆಯಲ್ಲಿ ಎಂಥ ವ್ಯಾಪಾರ ಎಂದರೆ ಯಾರೂ ತಪ್ಪು ತಿಳಿಯುವುದಿಲ್ಲ. ಆದರೆ ಕಳಿಸಿದರೆ ಎಲ್ಲಿಗೆ ಹೋಗುತ್ತಾಳೆ? ಎದುರು ಬೀದಿಯ ಹಾರ್ಡ್‌ವೇರ್ ಅಂಗಡಿಗೆ. ಅಲ್ಲಿ ಕೇಳಿದ್ದನ್ನು ಕೊಡುತ್ತಾರೆ. ಅಲ್ಲಿಗೆ ಮತ್ತೆ ಅದೇ ಕತೆ.

ಸತ್ತವನ ತಮ್ಮ ಎರಡೂ ಕೈಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಿಡಿದು ಅಂಗಳದ ನಡುವೆ ನಿಂತಿದ್ದ. ಹೆಂಗಸು ಅವನೆದುರು ಸೆರಗು ಹಿಂಡುತ್ತಿದ್ದಳು.

"ಹೋಗಿಬಿಟ್ರು ಅಂತ ಗೊತ್ತಿರಲಿಲ್ಲ ಕಣಣ್ಣ. ತೂಕ ನೋಡ್ಕೊಂಡು ಬಾ ಅಂದಿದ್ರು. ಬಂದೆ."

"ಯಾರ ತೂಕ?"

"ನನ್ನ ಮಗನ್ದು. ಎಂಬತ್ತೆರಡು ಕೇಜಿ."

ಮಗ ಆಳೆತ್ತರ ಬೆಳೆದವನು, ಮಾತು ಬಾರದವನು. ತೊಲೆಗೆ ತೂಗುಹಾಕಿದ ಕುರ್ಚಿಯಲ್ಲಿ ಮೇಲೆ ಕೆಳಗೆ ಕುಣಿಯುತ್ತಿದ್ದರೆ ಮಾತ್ರ ಸಮಾಧಾನ. ಕುರ್ಚಿಗೆ ಎದುರು ಬೀದಿಯಿಂದ ತಂದು ಹಾಕಿದ್ದ ಸ್ಪ್ರಿಂಗಿನ ಕೊಕ್ಕೆ ಬಿಚ್ಚಿಕೊಂಡು ಅವನು ಬಿದ್ದಿದ್ದ. ಅಂದಿನಿಂದ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದ.

"ಮೊದಲ ಸಲ ಬಂದಾಗ ತೂಕ ಎಷ್ಟು ಅಂದ್ರು. ಅಂದಾಜಲ್ಲಿ ಹೇಳ್ದೆ, ಬೈದ್ರು. ಆಮೇಲೆ ಬಂದಾಗ, ಸುಮ್ನೆ ಕೂರ್ತಾನೋ ಕುಣೀತಾನೋ ಅಂತ ಕೇಳಿದ್ರು. ಎಷ್ಟು ಸಲ ಅಣ್ಣ ಬರೋದು ನಾನು? ಅವನ ಹಣೆ ನೋಡೋಕಾಗ್ತಿಲ್ಲ."

ಪಕ್ಕದಲ್ಲಿ ಕೂತಿದ್ದ ಮುದುಕ ಟೈಲರ್ ನಕ್ಕೇಬಿಟ್ಟ. "ನಿಂದೇ ವಾಸಿ ತಾಯಿ. ಬಾಗಿಲಿಗೆ ಒಂದು ಸ್ಪ್ರಿಂಗು ಕೊಡಯ್ಯ ಅಂದಿದ್ದಕ್ಕೆ ನನ್ನ ಮನೆಗೇ ಬಂದು ಬಾಗಿಲು ಕಳಚಿ ತೂಗಿದ, ಪುಣ್ಯಾತ್ಮ. ಮೂರು ದಿನ ಬಾಗಿಲಿಲ್ಲದ ಮನೇಲಿ ಮಲಗಿದ್ವಿ."

"ಮೆಲ್ಲಗೆ," ಎಂದಿತು ಇನ್ನೊಂದು ದನಿ. "ಎದ್ದು ಬಂದು ನಿನ್ನ ತೂಕ ಕೇಳಿಯಾನು."

ತಮ್ಮನಿಗೆ ನಗು ಬರಲಿಲ್ಲ. ಸತ್ತ ಮೇಲೂ ಗಿರಾಕಿಯನ್ನು ಇವನ ಕುತ್ತಿಗೆಗೆ ಕಟ್ಟಿಹೋಗಿದ್ದ ಅಣ್ಣ. ಕುರ್ಚಿಗಳನ್ನು ಕುಕ್ಕಿ ಇಟ್ಟು, ಮನೆಗೆ ಅಂಟಿಕೊಂಡೇ ಇದ್ದ ಸ್ಪ್ರಿಂಗಿನ ಅಂಗಡಿಯ ಶಟರ್ ಎತ್ತಿದ.

*

"ಕೇಳಿದ್ದು ಕೊಟ್ಟು ಕಳಿಸೋಕೆ ನಿಂಗೇನು ರೋಗ?" ಎಂದು ಹಿಂದೊಮ್ಮೆ ಇದೇ ಅಂಗಡಿಯಲ್ಲಿ ಅವನು ಅಣ್ಣನ ಮೇಲೆ ಕೂಗಿದ್ದ. ಗಿರಾಕಿ ಆಗಷ್ಟೇ ಸಿಟ್ಟಿನಿಂದ ಇಳಿದು ಹೋಗಿದ್ದ. ಅವನಿಗೆ ಬೇಕಿದ್ದದ್ದು ಜೋಕಾಲಿಗೆ ಒಂದು ಎಳೆ ಸ್ಪ್ರಿಂಗು, ಎಳೆದರೆ ಹಿಗ್ಗುವಂಥದ್ದು, ಅಷ್ಟೇ.

ಅಣ್ಣ ಎಳೆ ಸ್ಪ್ರಿಂಗೊಂದನ್ನು ತೊಲೆಯ ಕೊಂಡಿಗೆ ಸಿಕ್ಕಿಸಿ, ಕೆಳಗಿನ ಕೊಕ್ಕೆಗೆ ಕಬ್ಬಿಣದ ಗಟ್ಟಿಗಳನ್ನು ಒಂದೊಂದಾಗಿ ಏರಿಸುತ್ತ ಹೋದ. ಸುರುಳಿ ಹಿಗ್ಗಿತು, ಇನ್ನೂ ಹಿಗ್ಗಿತು. ಕೊಕ್ಕೆ ನಿಧಾನಕ್ಕೆ ಬಾಯಿ ತೆರೆದು ಎಲ್ಲವನ್ನೂ ನೆಲಕ್ಕೆ ಕೆಡವಿತು. ಆಮೇಲೆ ಡ್ರಾಬಾರ್ ಸ್ಪ್ರಿಂಗು ಸಿಕ್ಕಿಸಿದ. ಅದರ ಸುರುಳಿಯೊಳಗೆ ಎರಡು ಉದ್ದನೆಯ ಕಂಬಿಕುಣಿಕೆ, ಒಂದು ಮೇಲಿಂದ ತೂರಿ ಸುರುಳಿಯ ಬುಡವನ್ನು, ಒಂದು ಕೆಳಗಿಂದ ತೂರಿ ಅದರ ತಲೆಯನ್ನು ಹಿಡಿದಿದ್ದವು. ಕೆಳಗೆ ಎಳೆದಷ್ಟೂ ಸುರುಳಿ ಹಿಗ್ಗುವ ಬದಲು ಮುದುಡುತ್ತಿತ್ತು. ಅಷ್ಟೇ ಗಟ್ಟಿಗಳನ್ನು ಏರಿಸಿದಾಗ ಸುತ್ತಿಗೆ ಸುತ್ತು ತಾಗಿ, ಕಟ್ಟಕಡೆಗೆ ಬರೀ ಕಬ್ಬಿಣದ ಕೊಳವೆಯಂತೆ ನಿಂತಿತು. ಬೀಳಲಿಲ್ಲ.

"ಇದು ಸೋತರೂ ಕೈ ಬಿಡಲ್ಲ," ಎಂದ ಅಣ್ಣ. "ಆದರೆ ಯಾವ ತೂಕಕ್ಕೆ ಯಾವ ತಂತಿ ಅನ್ನೋದು—"

"ಗೊತ್ತು ಬಿಡು," ಎಂದು ಅವನು ಫೋನ್ ಎತ್ತಿಕೊಂಡಿದ್ದ. ಫೋನ್ ರಿಂಗೇ ಆಗಿರಲಿಲ್ಲ.

*

ಈಗ ಮೇಜಿನ ಮೇಲೆ ಡ್ರಾಬಾರ್ ಸ್ಪ್ರಿಂಗುಗಳಿದ್ದವು. ಒಂದು ದಪ್ಪ ತಂತಿಯದು, ಎರಡು ತೆಳು ತಂತಿಯವು. ಅವನು ಒಂದೊಂದನ್ನೂ ಎತ್ತಿ ತಿರುಗಿಸಿ ನೋಡಿದ. ಅಣ್ಣ ಹೀಗೆ ತಿರುಗಿಸಿದರೆ ಏನೋ ತಿಳಿಯುತ್ತಿತ್ತು. ಇವನ ಕೈಗೆ ಎಣ್ಣೆ ಮಾತ್ರ ಅಂಟಿತು.

"ಗಟ್ಟಿ ಇರೋದೇ ಕೊಟ್ಬಿಡಣ್ಣ," ಎಂದಳು ಹೆಂಗಸು.

ಕೊಟ್ಟುಬಿಡಬಹುದಿತ್ತು. ಅದರ ಬದಲು ಅವನು ಬಾಗಿಲಾಚೆ ತಲೆ ಹಾಕಿ ಅತ್ತಿಗೆಯ ತಮ್ಮನನ್ನು ಕರೆದ. ಬೇಕರಿ ನಡೆಸುವವನು, ಮೈ ತುಂಬಿದವನು. "ಏ ಬೇಕರಿ, ನಿನ್ನ ತೂಕ ಎಷ್ಟು?"

ಅಂಗಳದ ತಲೆಗಳೆಲ್ಲ ಅಂಗಡಿಯತ್ತ ತಿರುಗಿದವು.

"ಎಂಬತ್ತರ ಮೇಲೆ ಇರ್ಬೇಕು ಭಾವ. ಯಾಕೆ?"

"ಬಾ ಇಲ್ಲಿ."

ದಪ್ಪ ಸ್ಪ್ರಿಂಗಿನ ಕೆಳಗೆ ಮಣೆ ಕಟ್ಟಿ ಕೂರಿಸಿದರು. ಸುರುಳಿ ಅಲ್ಲಾಡಲಿಲ್ಲ. ಬೇಕರಿಯವನು ಕುಣಿದು ನೋಡಿದ. ತೊಲೆ ಕಿರ್ರೆಂದಿತು, ಸ್ಪ್ರಿಂಗು ಕೇಳಿಸಿಕೊಳ್ಳಲೇ ಇಲ್ಲ.

"ಇದ್ರಲ್ಲಿ ಅವನು ಕೂರಲ್ಲ," ಎಂದಳು ಹೆಂಗಸು.

ತೆಳ್ಳನೆಯದಕ್ಕೆ ಕೂರಿಸಿದರು. ಕೂತೊಡನೆ ಸುತ್ತಿಗೆ ಸುತ್ತು ಟಕ್ಕೆಂದು ತಾಗಿತು. ಬೀಳುವ ಭಯವಿಲ್ಲ, ನಿಜ. ಆದರೆ ಕುಣಿಯಲು ಜಾಗವೂ ಇಲ್ಲ.

ಹೊರಗೆ ಶವದ ವ್ಯಾನು ಹಾರ್ನ್ ಮಾಡಿತು. ಚಿಕ್ಕಪ್ಪ ಬಾಗಿಲಲ್ಲಿ ಬಂದು ನಿಂತರು. "ಥೂ, ನಾಚಿಕೆ ಆಗಲ್ವೇನೋ! ಒಳಗೆ ಅಣ್ಣನ ಹೆಣ, ಇಲ್ಲಿ ಜೋಕಾಲಿ ಆಡ್ತಿದೀರ?"

"ಒಂದು ನಿಮಿಷ ಚಿಕ್ಕಪ್ಪ."

"ನಿಮ್ಮಣ್ಣನೂ ಇದನ್ನೇ ಅಂತಿದ್ದ. ನನ್ನ ಗೇಟು ಸ್ಪ್ರಿಂಗಿಲ್ದೆ ಇವತ್ತಿಗೂ ಹಗ್ಗದಲ್ಲಿದೆ."

ಚಿಕ್ಕಪ್ಪನ ಹಿಂದಿನಿಂದ ಅತ್ತಿಗೆ ಬಂದಳು. ಅತ್ತು ಕಣ್ಣು ಊದಿಕೊಂಡಿತ್ತು. ಮಣೆಯ ಮೇಲಿದ್ದ ತಮ್ಮನನ್ನು, ತೊಲೆಯನ್ನು, ಮೈದುನನ ಕೈಯನ್ನು ನೋಡಿದಳು. ಬೈಯುತ್ತಾಳೆ ಎಂದುಕೊಂಡರು ಎಲ್ಲರೂ.

"ಸುಮ್ನೆ ಕೂತಾಗ ಅರ್ಧ ಮುಚ್ಚಬೇಕಂತೆ," ಎಂದಳು ಬೇಸರದಿಂದ. "ಮಿಕ್ಕ ಅರ್ಧ ಕುಣಿಯೋಕೆ. ಊಟಕ್ಕೆ ಬಡಿಸ್ತಿದ್ರೂ ಇದೇ ಪುರಾಣ. ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ."

ಅರ್ಧ. ತೆಳುವಿನದು ಒಂದೇ ಹೊತ್ತರೆ ಪೂರ್ತಿ ಮುಚ್ಚಿಕೊಳ್ಳುತ್ತದೆ. ಹಾಗಾದರೆ ಎರಡು ಹೊತ್ತರೆ? ಅವನು ತೆಳು ಸ್ಪ್ರಿಂಗುಗಳೆರಡನ್ನೂ ಅಕ್ಕಪಕ್ಕ ಇಟ್ಟು, ಮೇಲೊಂದು ಕೆಳಗೊಂದು ದಪ್ಪ ಕಬ್ಬಿಣದ ಬಳೆಗೆ ಸೇರಿಸಿ ತೊಲೆಗೆ ಏರಿಸಿದ. ಬೆರಳು ಸಿಕ್ಕಿಕೊಂಡು ಉಗುರಿನಡಿ ರಕ್ತ ಕಟ್ಟಿತು. "ಕೂರು."

ಬೇಕರಿಯವನು ಉಸಿರು ಹಿಡಿದು ಕೂತ. ಸುರುಳಿಗಳೆರಡೂ ಜೊತೆಯಾಗಿ ಮುದುಡಿ, ನಡುವೆ ನಿಂತವು.

"ಕುಣಿ."

ಕುಣಿದ. ಕೆಳಗೆ ಹೋಯಿತು, ಮೇಲೆ ಬಂತು. ಸುತ್ತುಗಳು ತಾಗಲಿಲ್ಲ. ಎರಡನೇ ಸಲ ಅವನ ಮುಖದಲ್ಲಿ ಸಾವಿನ ಮನೆಗೆ ಒಪ್ಪದ ಒಂದು ನಗು ಬಂದು, ಅಕ್ಕನನ್ನು ಕಂಡು ಸತ್ತಿತು.

"ಹಿಂಗೇ," ಎಂದಳು ಹೆಂಗಸು. "ಹಿಂಗೇ ಕುಣೀತಾನೆ ಅಣ್ಣ."

ಬಳೆ ಬಿಚ್ಚಬೇಡ, ಹಳೆ ಕೊಕ್ಕೆ ಬಳಸಬೇಡ, ತೊಲೆಗೆ ಬೋಲ್ಟ್ ಹಾಕಿಸು ಎಂದು ಹೇಳಿ ಅವನು ಸ್ಪ್ರಿಂಗುಗಳನ್ನು ಗೋಣಿಯಲ್ಲಿ ಸುತ್ತಿ ಕೊಟ್ಟ. ಅವಳು ಅದನ್ನು ಮಗುವಿನಂತೆ ಎದೆಗವಚಿಕೊಂಡು, ವ್ಯಾನಿನ ಪಕ್ಕದಿಂದ ಬೇಗ ಬೇಗ ಹೋದಳು.

"ಇನ್ನಾದ್ರೂ ಎತ್ತೋಣವೇನಪ್ಪ?" ಎಂದ ಡ್ರೈವರ್.

ಎತ್ತಿದರು. ತಲೆಯ ಕಡೆ ತಮ್ಮ ಹಿಡಿದ. ಅಣ್ಣ ಅಂದುಕೊಂಡದ್ದಕ್ಕಿಂತ ಹಗುರವಾಗಿದ್ದ. ಬಿಳಿ ಬಟ್ಟೆಯ ಮೇಲೆ ಇವನ ಐದೂ ಬೆರಳಿನ ಎಣ್ಣೆ ಕಪ್ಪಗೆ ಮೂಡಿತು. ಅತ್ತಿಗೆ ನೋಡಿದಳು, ಒರೆಸಲಿಲ್ಲ.

ಮೂವತ್ತು ವರ್ಷ ಒಂದೇ ಮೇಜಿಗೆ ಎದುರುಬದುರು ಕೂತಿದ್ದರು. "ನಂಗೆ ಗೊತ್ತಿಲ್ಲ ಕಣೋ ಅಣ್ಣ, ಹೇಳ್ಕೊಡು" ಎಂದು ಅವನು ಒಂದು ದಿನವೂ ಹೇಳಿರಲಿಲ್ಲ.