ಬಾಗಿಲ ಹಿಂದಿನ ಚಪ್ಪಲಿ

ಬೀಗ ತೆಗೆಯುವ ಕಸುಬಿನವನು ನಾನು, ಹೆತ್ತ ತಾಯಿಯನ್ನೂ ಸುಮ್ಮನೆ ನಂಬುವವನಲ್ಲ. "ಕೀ ಕಳೆದುಹೋಯ್ತಪ್ಪ" ಎಂದು ಕರೆಸಿದ ಅಜ್ಜಿಗೂ ಎಲ್ಲರಿಗೂ ಕೇಳುವ ಪ್ರಶ್ನೆಯನ್ನೇ ಕೇಳಿದೆ: "ನಿಮ್ಮ ಮನೇನೇ ಆದ್ರೆ, ಬಾಗಿಲು ತೆಗೆದ ತಕ್ಷಣ ಏನು ಕಾಣುತ್ತೆ ಹೇಳಿ."

ಅಜ್ಜಿ ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದು ಪಿಸುಗುಟ್ಟಿದರು: "ಗಂಡಸರ ಚಪ್ಪಲಿ. ಒಂಟಿ ಹೆಂಗಸು ಅಂತ ಯಾರಿಗೂ ಗೊತ್ತಾಗಬಾರದು ಅಂತ ನಾನೇ ತಂದಿಟ್ಟಿದ್ದು. ನೀನೆಲ್ಲಾದ್ರೂ ಬಾಯಿ ಬಿಟ್ಟೀಯ, ಹುಷಾರ್!"

ಬೀಗ ತೆಗೆದೆ. ಚಪ್ಪಲಿ ಅಲ್ಲೇ ಇತ್ತು, ಹೊಚ್ಚ ಹೊಸದು, ಅಂಗಡಿಯ ಚೀಟಿ ಸಮೇತ.

"ಇದನ್ನ ನೋಡಿದ್ರೆ ಕಳ್ಳ ಬಿದ್ದುಬಿದ್ದು ನಗ್ತಾನೆ" ಎಂದು ರೇಗಿ, ನನ್ನ ಸವೆದ ಚಪ್ಪಲಿ ಅಲ್ಲಿ ಬಿಟ್ಟು, ಹೊಸದನ್ನು ಮೆಟ್ಟಿಕೊಂಡೆ. "ಇದು ಸವೆದ ಮೇಲೆ ತಂದುಕೊಡ್ತೀನಿ, ಅಜ್ಜಿ."

ಅಜ್ಜಿ ಗದರಿದರು: "ಬರದೇ ಇದ್ರೆ ಕಳ್ಳ ಅಂತ ದೂರು ಕೊಡ್ತೀನಿ ನೋಡು!"