ದೆವ್ವದ ಕಾದಂಬರಿಯ ಎರಡನೇ ಕರಡು

ಆ ಮುದ್ರಣಾಲಯದಲ್ಲಿ ಇಪ್ಪತ್ತಾರು ವರ್ಷದಿಂದ ಕರಡು ತಿದ್ದುತ್ತಿದ್ದವಳನ್ನು ಎಲ್ಲರೂ ಪ್ರೂಫಕ್ಕ ಎಂದೇ ಕರೆಯುತ್ತಿದ್ದರು. ದೆವ್ವದ ಕಾದಂಬರಿಗಳಿಂದ ಮನೆಮಾತಾಗಿದ್ದ ಲೇಖಕನ ನಲವತ್ತು ಪುಸ್ತಕಗಳೂ ಅವಳ ಕೈಯಿಂದಲೇ ಹಾದುಹೋಗಿದ್ದವು. ಕತೆ ಏನೆಂದು ಕೇಳಿದರೆ ಮಾತ್ರ ಅವಳಿಗೆ ಒಂದೂ ಗೊತ್ತಿರಲಿಲ್ಲ. ಅವಳು ನೋಡುತ್ತಿದ್ದುದು ಅಕ್ಷರ, ಒತ್ತು, ದೀರ್ಘ, ಅಷ್ಟೇ.

ಕತೆಯೆಲ್ಲ ಯಂತ್ರ ನಡೆಸುವವನ ಪಾಲು. ಮೊಣಕೈವರೆಗೂ ಮಸಿ ಮೆತ್ತಿಕೊಂಡಿರುತ್ತಿದ್ದ ಅವನಿಗೆ ಮಸಿ ಮೇಷ್ಟ್ರು ಎಂದು ಹೆಸರು ಬಿದ್ದಿತ್ತು. ಅಚ್ಚಾಗಿ ಬೀಳುವ ಹಾಳೆಗಳನ್ನು ನಿಂತಲ್ಲೇ ಓದಿ, ಊಟದ ಡಬ್ಬಿ ಬಿಚ್ಚುತ್ತ ಅವಳಿಗೆ ದಿನಾ ಒಂದೇ ಮಾತು ಹೇಳುತ್ತಿದ್ದ.

"ಒಂದಾದ್ರೂ ಕತೆ ಅಂತ ಓದಿ ನೋಡಿ."

"ನಿಮ್ಮ ದೆವ್ವಗಳಿಗೆ ಒತ್ತಕ್ಷರವೇ ಬರಲ್ಲ. ಮೊದಲು ಅದನ್ನ ಕಲಿಸಿ," ಅನ್ನುತ್ತಿದ್ದಳು ಅವಳು.

ಇಬ್ಬರೂ ನಗುತ್ತಿದ್ದರು. ಇಬ್ಬರಿಗೂ ಮದುವೆಯಾಗಿರಲಿಲ್ಲ, ಆ ಮಾತನ್ನು ಯಾರೂ ಎತ್ತಲಿಲ್ಲ. ಹನ್ನೊಂದು ವರ್ಷದ ಹಿಂದೆ, ಅಣ್ಣನ ಅಚ್ಚುಕೂಟ ನೋಡಿಕೊಳ್ಳಲು ಅವನು ದೂರದ ಊರಿಗೆ ಹೊರಟುಹೋದ. ಆಮೇಲೆ ಅವಳು ಊಟಕ್ಕೆಂದು ಮೇಜು ಬಿಟ್ಟು ಏಳುವುದನ್ನೇ ನಿಲ್ಲಿಸಿದಳು.

ಈ ವರ್ಷ ಲೇಖಕ ತೀರಿಕೊಂಡ. ಪ್ರಕಾಶಕರು ಎಲ್ಲ ಪುಸ್ತಕಗಳನ್ನೂ ಮರುಮುದ್ರಣಕ್ಕೆ ಕಳಿಸಿದರು. ಮೊದಲ ಕಟ್ಟು ಬಿಚ್ಚುವಾಗ ಅವಳಿಗೆ ಮೇಷ್ಟ್ರ ಮಾತು ನೆನಪಾಯಿತು. ತಪ್ಪು ಆಮೇಲೆ ನೋಡಿದರಾಯಿತು ಎಂದುಕೊಂಡು ಸುಮ್ಮನೆ ಓದತೊಡಗಿದಳು.

ಸತ್ತ ಸೊಸೆಯೊಬ್ಬಳು ದಿನಾ ಸಂಜೆ ಅಡುಗೆಮನೆಯ ಬಾಗಿಲಿಗೆ ಬಂದು ನಿಲ್ಲುತ್ತಾಳೆ. ಯಾರಿಗೂ ಏನೂ ಮಾಡುವುದಿಲ್ಲ. ಮನೆಯವರು ಹೆದರಿ ಅಗುಳಿ ಹಾಕುತ್ತಾರೆ, ಬೀಗ ಬದಲಿಸುತ್ತಾರೆ. ಮರುದಿನ ಅವಳು ಮತ್ತೆ ಬರುತ್ತಾಳೆ. ಆ ಪುಟವನ್ನು ಪ್ರೂಫಕ್ಕ ಮತ್ತೊಮ್ಮೆ ಓದಿದಳು. ಇದೇ ಪುಟವನ್ನು ಹಿಂದೊಮ್ಮೆ ತಿದ್ದಿ, ಸಹಿ ಹಾಕಿ, ಮಸಿ ಮೇಷ್ಟ್ರ ಕೈಗೆ ತಾನೇ ಕೊಟ್ಟಿದ್ದಳು.

ಪುಸ್ತಕ ಕಟ್ಟುವ ಬೈಂಡರ್ ಹತ್ತಿರ ಮೇಷ್ಟ್ರ ನಂಬರ್ ತೆಗೆದುಕೊಂಡು ಫೋನ್ ಮಾಡಿದಳು. ಯಂತ್ರದ ಸದ್ದಿನಲ್ಲೇ ಬದುಕಿದವನ ಕಿವಿ ಮಂದವಾಗಿತ್ತು, ಕೂಗಿಯೇ ಹೇಳಬೇಕಾಯಿತು. ಕಚೇರಿಯವರೆಲ್ಲ ತಲೆಯೆತ್ತಿ ನೋಡಿದರು.

"ಅವಳನ್ನ ಯಾರೂ ಒಳಗೆ ಬಾ ಅಂತ ಕರೀಲೇ ಇಲ್ವಲ್ಲ, ಮೇಷ್ಟ್ರೇ."



"ಮುಗಿಸಿದ್ರಾ?" ಎಂದು ಕೇಳಿದ.

"ಇನ್ನೂ ಹದಿನೆಂಟು ಪುಟ ಇದೆ. ಕೊನೆ ಹೇಳ್ಬೇಡಿ."

"ಹೇಳಲ್ಲ. ನಿಧಾನವಾಗಿ ಓದಿ. ಓದಿ ಫೋನ್ ಮಾಡಿ."

ಅಂದಿನಿಂದ ಪ್ರತಿ ಗುರುವಾರ ಮಧ್ಯಾಹ್ನ ಮಾಡುತ್ತಾಳೆ. ಎಲ್ಲಿವರೆಗೆ ಬಂದೆ ಎಂದು ಅವಳು ಹೇಳುತ್ತಾಳೆ, ಮುಂದೇನಾಗಬಹುದು ಎಂದು ಅವನು ಕೆಣಕುತ್ತಾನೆ. ಒಮ್ಮೆ ಅವಳು ಧೈರ್ಯ ಮಾಡಿ, ಈ ಕಡೆ ಯಾವಾಗ ಬರ್ತೀರಿ ಎಂದು ಕೇಳಿದಳು.

"ಅಣ್ಣ ಹಾಸಿಗೆ ಹಿಡಿದಿದಾನೆ. ಬಿಟ್ಟು ಬರೋ ಹಾಗಿಲ್ಲ," ಅಂದ. ಆಮೇಲೆ ಮೆಲ್ಲಗೆ, "ಮುಂದಿನ ಪುಸ್ತಕ ಯಾವುದು?" ಎಂದ.

ಆರು ಮುಗಿದಿವೆ. ಏಳನೆಯದು ಮೂರು ವಾರದಿಂದ ಅವಳ ಮೇಜಿನ ಮೇಲೇ ಇದೆ. ಕರಡು ಎಲ್ಲಿ ಎಂದು ಪ್ರಕಾಶಕರು ಎರಡು ಸಲ ಹೇಳಿಕಳಿಸಿದರು. ಅವಳು ದಿನಕ್ಕೆ ನಾಲ್ಕೇ ಪುಟ ಓದುತ್ತಾಳೆ. ನಲವತ್ತೂ ಮುಗಿದ ಮೇಲಿನ ಗುರುವಾರಗಳಿಗೆ ಹೊಸದು ಬರೆದುಕೊಡಲು ಲೇಖಕ ಇನ್ನಿಲ್ಲವಲ್ಲ.