ಒಂದು ಪಾಠಕ್ಕೆ ಇಪ್ಪತ್ತೆರಡು ಮಾರ್ಗದರ್ಶಕರು

ನನ್ನ ಎರಡೂ ಕಣ್ಣಾಣೆ, ಇದು ನಡೆದದ್ದೇ. ಸಾಸಿವೆ ಕಾಳಷ್ಟು ಸುಳ್ಳಿದ್ದರೂ ನನ್ನ ನಾಲಿಗೆ ಬಿದ್ದುಹೋಗಲಿ. ಕುಂಬಳಕಾಯಿಯಷ್ಟಿದ್ದರೆ ಮಾತ್ರ ಹೊಟ್ಟೆಗೆ ಹಾಕಿಕೊಳ್ಳಿ.

ಒಂದು ಕಾಲೇಜು. ಭೌತಶಾಸ್ತ್ರ ಹೇಳಿಕೊಡಲು ಹೊಸ ಮೇಡಂ ಬಂದು ವರ್ಷವಾಗಿದ್ದರೂ ಕೆಲಸ ಖಾಯಂ ಆಗಿರಲಿಲ್ಲ. ಆಗಬೇಕಾದರೆ ಹಿರಿಯ ಮೇಷ್ಟ್ರೊಬ್ಬರು ಮಾರ್ಗದರ್ಶಕರಾಗಿ ಅವಳ ತರಗತಿಯಲ್ಲಿ ಕೂತು, ಪಾಠ ನೋಡಿ, ‘ಬೋಧನೆ ಹೇಗಿತ್ತು’ ಎಂಬ ಕಾಲಂ ತುಂಬಿ ಸಹಿ ಹಾಕಬೇಕು. ಶನಿವಾರ ಸಂಜೆ ಐದಕ್ಕೆ ಗಡುವು. ತಪ್ಪಿತೋ, ಸೋಮವಾರದಿಂದ ಮನೆಯಲ್ಲೇ ಇರಬೇಕು.

ಅವಳ ಪಾಲಿಗೆ ಬಂದವರು ಇತಿಹಾಸದ ಮೇಷ್ಟ್ರು. ಮೂವತ್ತು ವರ್ಷದಲ್ಲಿ ಒಂದು ಸಲವೂ ಮೊದಲನೇ ಅಧ್ಯಾಯ ದಾಟಿದವರಲ್ಲ, ಹಾಗಾಗಿ ಎಲ್ಲರ ಬಾಯಲ್ಲೂ ಪೀಠಿಕೆ ಮೇಷ್ಟ್ರು.

“ಹೆದರ್ಕೋಬೇಡಮ್ಮಾ. ನಾನು ಹಿಂದಿನ ಬೆಂಚಲ್ಲಿ ಕೂತಿರ್ತೀನಿ. ಇದ್ದೀನಿ ಅನ್ನೋದೇ ಗೊತ್ತಾಗಲ್ಲ.”

“ಗೊರಕೆ ಕೇಳ್ಸುತ್ತೆ ಬಿಡಿ,” ಎಂದು ಪಕ್ಕದ ಮೇಜಿನಿಂದ ಕೆಂಪುಶಾಯಿ ಮೇಡಂ ಕುಟುಕಿದರು. ಇವರೋ, ಮದುವೆ ಕಾಗದ ಬಂದರೂ ತಪ್ಪು ತಿದ್ದಿ ವಾಪಸು ಕಳಿಸುವ ಹೆಂಗಸು. “ಅಲ್ಲ, ಮಾರ್ಗದರ್ಶಕರು ಸರಿಯಾಗಿ ನೋಡ್ತಾರೋ ಇಲ್ವೋ, ಅದನ್ನ ನೋಡೋರ್ಯಾರು?”

ಆ ಮಾತು ಪ್ರಿನ್ಸಿಪಾಲರ ಕಿವಿಗೆ ಬಿತ್ತು. ದಿನಕ್ಕೊಂದು ಸುತ್ತೋಲೆ ಹೊರಡಿಸದಿದ್ದರೆ ಆ ಮನುಷ್ಯನಿಗೆ ತಿಂದ ಅನ್ನ ಅರಗುವುದಿಲ್ಲ. ಮಧ್ಯಾಹ್ನವೇ ಹೊರಬಿತ್ತು: ಮಾರ್ಗದರ್ಶಕರಿಗೂ ಒಬ್ಬರು ಮಾರ್ಗದರ್ಶಕರು, ಅವರಿಗೂ ಮತ್ತೊಬ್ಬರು, ಹೀಗೇ ಕೊನೆತನಕ.

ಶನಿವಾರ ಬೆಳಗ್ಗೆ ಪೀಠಿಕೆ ಮೇಷ್ಟ್ರು ಬಂದು ಕೂತರು. ಅವರನ್ನು ನೋಡಲು ಹಿಂದೆ ಕೆಂಪುಶಾಯಿ ಮೇಡಂ. ಮೇಡಂ ಹಿಂದೆ ಇನ್ನೊಬ್ಬರು. ಎಣಿಸಿದರೆ ಇಪ್ಪತ್ತೆರಡು ತಲೆ! ಬೆಂಚು ಸಾಲಲಿಲ್ಲ, ಮಕ್ಕಳನ್ನು ಎಬ್ಬಿಸಿ ಹೊರಗಟ್ಟಿದರು. ಉಳಿದ ಕೋಣೆಗಳಲ್ಲಿ ಪಾಠ ಮಾಡಲು ನರಪಿಳ್ಳೆ ಇಲ್ಲ, ಆ ಮಕ್ಕಳೂ ಓಡಿಬಂದರು. ಒಂಬೈನೂರು ಮಕ್ಕಳು ಎರಡು ಕಿಟಕಿಗೆ ಜೋತುಬಿದ್ದ ರಭಸಕ್ಕೆ ಗೋಡೆ ಒಂದು ಗೇಣು ಒಳಗೆ ಸರಿಯಿತು.

ಹೊಸ ಮೇಡಂ ಗಾಜಿನ ಪಾತ್ರೆಗೆ ನೀರು ಸುರಿದು ಮೊಟ್ಟೆ ಬಿಟ್ಟಳು. ಅದು ಬುಡ ಸೇರಿತು. “ಈಗ ನೋಡಿ,” ಎಂದು ಉಪ್ಪು ಹಾಕಿ ಕದಡುತ್ತಾ ಹೋದಳು. ನೀರು ಉಪ್ಪಾದಷ್ಟೂ ಭಾರ, ಭಾರವಾದಷ್ಟೂ ಎತ್ತುವ ಶಕ್ತಿ ಹೆಚ್ಚು ಎಂದು ಬಿಡಿಸಿ ಹೇಳುವಷ್ಟರಲ್ಲಿ ಮೊಟ್ಟೆ ಮೆಲ್ಲಗೆ ಮೇಲೆದ್ದು ತೇಲಿತು. ಕಿಟಕಿಯಲ್ಲಿ ‘ಹೋ’ ಎಂದು ಕೇಕೆ!

ಒಳಗೆ? ಕೆಂಪುಶಾಯಿ ಮೇಡಂ ತಮ್ಮ ಬಗ್ಗೆ ಏನು ಗೀಚುತ್ತಿದ್ದಾರೋ ಎಂದು ಪೀಠಿಕೆ ಮೇಷ್ಟ್ರು ಪೂರ್ತಿ ಹಿಂದಕ್ಕೆ ತಿರುಗಿ ಕೂತಿದ್ದರು. ಮೇಡಂ ತಮ್ಮ ಹಿಂದಿನವರತ್ತ ತಿರುಗಿದ್ದರು, ಹೀಗೇ ಕೊನೆತನಕ. ಕಟ್ಟಕಡೆಯವರಿಗೆ ಮುಂದಿನವರ ಮುಖವೇ ಅಡ್ಡ. ಇಪ್ಪತ್ತೆರಡು ಜನರಲ್ಲಿ ಒಬ್ಬರ ಕಣ್ಣೂ ಕರಿಹಲಗೆಯ ಮೇಲಿರಲಿಲ್ಲ.

ಗಂಟೆ ಹೊಡೆಯಿತು. ಸಂಜೆ ನಾಲ್ಕೂವರೆಗೆ ವರದಿಗಳು ಪ್ರಿನ್ಸಿಪಾಲರ ಮೇಜು ಸೇರಿದವು. ಯಾರು ಎಷ್ಟು ಸಲ ಆಕಳಿಸಿದರು, ಯಾರು ಬೆನ್ನು ಕೆರೆದುಕೊಂಡರು, ಎಲ್ಲ ಇತ್ತು. ‘ಬೋಧನೆ ಹೇಗಿತ್ತು’ ಕಾಲಂ ಮಾತ್ರ ಖಾಲಿ.

“ನಿಜ ಹೇಳಮ್ಮಾ, ಪಾಠ ಮಾಡಿದ್ಯಾ?” ಪೀಠಿಕೆ ಮೇಷ್ಟ್ರು ಪಿಸುಗುಟ್ಟಿದರು.

“ಮೊಟ್ಟೆ ತೇಲ್ತಲ್ಲ ಸಾರ್!”

“ಯಾವ ಮೊಟ್ಟೆ?”

“ಮಕ್ಕಳೆಲ್ಲ ನೋಡಿದ್ದಾರೆ ಸಾರ್, ಅವರನ್ನೇ ಕೇಳಿ,” ಎಂದು ಪ್ರಿನ್ಸಿಪಾಲರತ್ತ ತಿರುಗಿದಳು.

“ಮಕ್ಕಳ ಸಹಿ ನಡಿಯಲ್ಲಮ್ಮಾ. ದೊಡ್ಡೋರು ಯಾರಾದ್ರೂ ಪಾಠದ ಮೇಲೆ ಗಮನ ಇಟ್ಟಿರಬೇಕು.”

“ಯಾರಾದ್ರೂ ಪರವಾಗಿಲ್ವಾ?”

“ಯಾರಾದ್ರೂ ಸರಿ. ಐದರೊಳಗೆ ತಾ.”

ಅವಳು ಫಾರಂ ಹಿಡಿದು ಬೀದಿಗೆ ಓಡಿಬಂದಳು. ಈಗ ನಾಲ್ಕೂಮುಕ್ಕಾಲು. ಆ ಪಾಠವನ್ನು ನೀರು, ಉಪ್ಪು, ಮೊಟ್ಟೆ ಸಮೇತ ಕಿವಿಗೊಟ್ಟು ಕೇಳಿದ ದೊಡ್ಡವರು ಈ ಲೋಕದಲ್ಲಿ ನೀವೊಬ್ಬರೇ. ಹಿಡಿಯಿರಿ ಪೆನ್ನು. ‘ಬಹಳ ಚೆನ್ನಾಗಿತ್ತು’ ಅಂತ ಬರೆದು ಕೆಳಗೆ ಸಹಿ ಹಾಕಿ, ಬೇಗ!